ಎಪಾಕ್ಸಿ ಲ್ಯಾಮಿನೇಟಿಗೆ ಪಿಪಿಇ ಸೇರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್) ವಿನ್ಯಾಸ ಮಾಡುವವರು, ಪಾಲಿಮರ್ ಓದುತ್ತಿರುವ ವಿದ್ಯಾರ್ಥಿಗಳು, ಹೊಸದಾಗಿ ರೆಸಿನ್ ಲ್ಯಾಬಿಗೆ ಸೇರಿದವರು, ಇವರೆಲ್ಲ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಹೈ ಪರ್ಫಾರ್ಮೆನ್ಸ್ ಪಾಲಿಮರ್‌ಗಳ ಪಟ್ಟಿ ದೊಡ್ಡದು. ನಾನು ಇಲ್ಲಿ ಮುಖ್ಯವಾಗಿ ಒಂದನ್ನೇ ಹಿಡಿದಿದ್ದೇನೆ: ಪಾಲಿಫಿನೈಲೀನ್ ಈಥರ್, ಅಂದರೆ ಪಿಪಿಇ. ಕೆಲವರು ಇದನ್ನೇ ಪಿಪಿಒ ಅಂತಾರೆ, ಎರಡೂ ಒಂದೇ. ಎಪಾಕ್ಸಿಯೊಳಗೆ ಹೊಂದಿಕೊಳ್ಳುವ ಹಾಗೆ ಇದನ್ನು ಹೇಗೆ ಬದಲಾಯಿಸಿದರು ಅಂತ ಗೊತ್ತಾದರೆ ಬೇರೆ ಪಾಲಿಮರ್‌ಗಳ ತೊಂದರೆಯೂ ತಾನಾಗಿ ಅರ್ಥವಾಗುತ್ತದೆ.

ಎಪಾಕ್ಸಿ ಲ್ಯಾಮಿನೇಟ್ ಅಂದರೆ ನಿಖರವಾಗಿ ಏನು?

ಗಾಜಿನ ನೂಲಿನಿಂದ ನೇಯ್ದ ಬಟ್ಟೆಯನ್ನು ಎಪಾಕ್ಸಿ ವಾರ್ನಿಷ್‌ನಲ್ಲಿ (ಬಿಸಿಗೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್ ಅನ್ನು ದ್ರಾವಕದಲ್ಲಿ ಕರಗಿಸಿದ್ದು) ಅದ್ದಿ, ಬಿಸಿ ಗಾಳಿಯ ಗೋಪುರದಲ್ಲಿ ದ್ರಾವಕ ಹಾರಿಸಿ, ಅರ್ಧ ಬೆಂದ ಸ್ಥಿತಿಯಲ್ಲಿ ನಿಲ್ಲಿಸುತ್ತಾರೆ. ಇದು ಪ್ರಿಪ್ರೆಗ್. ಹಲವು ಪ್ರಿಪ್ರೆಗ್ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಕೆಳಗೆ ತಾಮ್ರದ ಹಾಳೆ ಇಟ್ಟು, ಬಿಸಿ ಪ್ರೆಸ್‌ನಲ್ಲಿ ಒತ್ತಿದರೆ ಲ್ಯಾಮಿನೇಟ್ ಆಯಿತು. ನಿಮ್ಮ ಟಿವಿ, ರೌಟರ್, ಕಾರಿನ ಕಂಟ್ರೋಲ್ ಯೂನಿಟ್ ಒಳಗಿರುವ ಹಸಿರು ಬೋರ್ಡಿನ ಮೈ ಇದೇ. ಹೆಚ್ಚು ಬಳಕೆಯಲ್ಲಿರುವ ದರ್ಜೆಯ ಹೆಸರು ಎಫ್‌ಆರ್-4.

ಎಫ್‌ಆರ್-4 ಇಷ್ಟು ವರ್ಷ ಚೆನ್ನಾಗಿಯೇ ನಡೆದಿದೆಯಲ್ಲ, ಬದಲಾಯಿಸೋದು ಯಾಕೆ?

ಎಫ್‌ಆರ್-4 ಒಳ್ಳೆಯ ವಸ್ತು. ಅಗ್ಗ, ಗಟ್ಟಿ, ಡ್ರಿಲ್ ಮಾಡೋದು ಸುಲಭ, ತಾಮ್ರ ಚೆನ್ನಾಗಿ ಅಂಟುತ್ತದೆ. ತೊಂದರೆ ಶುರುವಾಗುವುದು ಸಿಗ್ನಲ್ ವೇಗ ಏರಿದಾಗ.

ಎರಡು ಸಂಖ್ಯೆ ಇಲ್ಲಿ ಮುಖ್ಯ. ಒಂದು ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್, ಎಲ್ಲರೂ ಡಿಕೆ ಅನ್ನುವುದು. ಇದು ಸಿಗ್ನಲ್ ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದನ್ನು ನಿರ್ಧರಿಸುತ್ತದೆ. ಇನ್ನೊಂದು ಡಿಸಿಪೇಶನ್ ಫ್ಯಾಕ್ಟರ್, ಡಿಎಫ್. ಸಿಗ್ನಲ್‌ನ ಎಷ್ಟು ಪಾಲು ಬೋರ್ಡಿನಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ ಅಂತ ಇದು ಹೇಳುತ್ತದೆ. ಸಾಧಾರಣ ಎಫ್‌ಆರ್-4ನ ಡಿಕೆ 4.2ರಿಂದ 4.7, ಡಿಎಫ್ 0.015ರಿಂದ 0.02.

ಒಂದು ಲೆಕ್ಕ ಮಾಡೋಣ. ಒಂದು ಇಂಚು ಟ್ರೇಸ್‌ನಲ್ಲಿ (ಬೋರ್ಡಿನ ಮೇಲೆ ಸಿಗ್ನಲ್ ಓಡುವ ತಾಮ್ರದ ಗೆರೆ) ಬೋರ್ಡಿನ ವಸ್ತುವಿನಿಂದ ಆಗುವ ನಷ್ಟ, ಡೆಸಿಬೆಲ್ ಲೆಕ್ಕದಲ್ಲಿ, ಸುಮಾರು 2.3 ಗುಣಿಸು ಗಿಗಾಹರ್ಟ್ಸ್ ಗುಣಿಸು ಡಿಎಫ್ ಗುಣಿಸು ಡಿಕೆಯ ವರ್ಗಮೂಲ. ಡಿಕೆ 4.2, ಡಿಎಫ್ 0.02 ಇರುವ ಬೋರ್ಡಿನಲ್ಲಿ 10 ಗಿಗಾಹರ್ಟ್ಸ್‌ಗೆ ಇಂಚಿಗೆ 0.94 ಡೆಸಿಬೆಲ್ ಬರುತ್ತದೆ. ಟ್ರೇಸ್ 10 ಇಂಚು ಇದ್ದರೆ 9.4 ಡೆಸಿಬೆಲ್. ಅಂದರೆ ಕಳಿಸಿದ ಶಕ್ತಿಯಲ್ಲಿ ಆ ತುದಿಗೆ ತಲುಪುವುದು ಶೇ. 11 ಚಿಲ್ಲರೆ ಮಾತ್ರ. ಅದೇ ಡಿಕೆ 3.9, ಡಿಎಫ್ 0.010 ಇರುವ ಬೋರ್ಡಾದರೆ ನಷ್ಟ 4.5 ಡೆಸಿಬೆಲ್, ತಲುಪುವುದು ಶೇ. 35. ರಿಸೀವರ್ ಚಿಪ್‌ಗೆ ಇದು ಬಹಳ ದೊಡ್ಡ ವ್ಯತ್ಯಾಸ. ತಾಮ್ರದಲ್ಲಿ ಆಗುವ ನಷ್ಟ ಇದರ ಮೇಲೆ ಬೇರೆ ಇದೆ.

ಆ ಎರಡನೇ ಬೋರ್ಡ್ ಕಲ್ಪನೆಯಲ್ಲ. ಎಪಾಕ್ಸಿಗೆ ಪಿಪಿಇ ಸೇರಿಸಿ ಮಾಡಿದ ಲ್ಯಾಮಿನೇಟ್‌ಗಳು ಬರುವುದು ಇದೇ ಆಸುಪಾಸಿನಲ್ಲಿ.

ಪಿಪಿಇಯೇ ಯಾಕೆ?

ಅದರ ರಚನೆ ನೋಡಿ. ಬೆಂಜೀನ್ ಉಂಗುರ, ಎರಡು ಮೀಥೈಲ್ ಗುಂಪು, ಒಂದು ಆಕ್ಸಿಜನ್, ಮತ್ತೆ ಉಂಗುರ. ಇಷ್ಟೇ. ವಿದ್ಯುತ್ ಕ್ಷೇತ್ರ ಬಂದಾಗ ಅತ್ತಿತ್ತ ತಿರುಗುವ ಧ್ರುವೀಯ ಗುಂಪುಗಳು ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಡಿಕೆ ಸುಮಾರು 2.5, ಡಿಎಫ್ 0.001ರ ಆಸುಪಾಸು. ನೀರು ಹೀರುವುದು ತೀರಾ ಕಡಿಮೆ. ಟಿಜಿ, ಅಂದರೆ ಗಾಜಿನಂಥ ಗಡಸು ಸ್ಥಿತಿಯಿಂದ ಮೆತ್ತಗಾಗುವ ತಾಪಮಾನ, 210 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಇಷ್ಟೂ ಗುಣ ಒಟ್ಟಿಗೆ ಇರುವ, ಬೆಲೆಯೂ ಕೈಗೆಟಕುವ ಪಾಲಿಮರ್ ಬಹಳ ಇಲ್ಲ.

ಇದನ್ನು ಮೊದಲು ಮಾಡಿದವರು ಆಲನ್ ಹೇ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ, 1956ರಲ್ಲಿ. 2,6-ಕ್ಸೈಲಿನಾಲ್ ಎಂಬ ಫಿನಾಲ್‌ಗೆ ತಾಮ್ರ ಮತ್ತು ಅಮೈನ್ ಸೇರಿದ ಕ್ಯಾಟಲಿಸ್ಟ್ ಹಾಕಿ ಆಕ್ಸಿಜನ್ ಹಾಯಿಸಿದರೆ ಸಾಮಾನ್ಯ ತಾಪಮಾನದಲ್ಲೇ ಉದ್ದನೆಯ ಸರಪಳಿ ಬೆಳೆಯುತ್ತದೆ, ಹೊರಗೆ ಬರುವುದು ನೀರು ಮಾತ್ರ. ರಸಾಯನಶಾಸ್ತ್ರದಲ್ಲಿ ನನಗೆ ಬಹಳ ಇಷ್ಟವಾದ ಪ್ರತಿಕ್ರಿಯೆಗಳಲ್ಲಿ ಇದೂ ಒಂದು. 1960ರ ದಶಕದಲ್ಲಿ ಪಾಲಿಸ್ಟೈರೀನ್ ಜೊತೆ ಬೆರೆಸಿ ನೋರಿಲ್ ಹೆಸರಿನಲ್ಲಿ ಮಾರಿದರು. 2007ರಲ್ಲಿ ಆ ಪ್ಲಾಸ್ಟಿಕ್ ವಿಭಾಗವನ್ನೇ ಸೌದಿ ಅರೇಬಿಯಾದ ಸಾಬಿಕ್ ಕೊಂಡುಕೊಂಡಿತು.

ಹಾಗಾದರೆ ಪಿಪಿಇ ಪುಡಿಯನ್ನು ತಂದು ಎಪಾಕ್ಸಿಯಲ್ಲಿ ಕರಗಿಸಿದರೆ ಆಯ್ತಲ್ವಾ?

ಆಗಲ್ಲ. ಎಲ್ಲರೂ ಮೊದಲು ಕೇಳುವುದು ಇದನ್ನೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಪಿಪಿಇಯ ಸರಾಸರಿ ಅಣುತೂಕ ಸುಮಾರು 20,000. ಇಷ್ಟು ಉದ್ದದ ಸರಪಳಿ ಟೊಲುಯೀನ್‌ನಲ್ಲಿ ಬಿಸಿ ಮಾಡಿದರೆ ಕರಗುತ್ತದೆ, ಆದರೆ ದ್ರಾವಣ ಅಂಟಂಟಾಗಿ ದಪ್ಪವಾಗುತ್ತದೆ. ಎಪಾಕ್ಸಿ ಕಾರ್ಖಾನೆಗಳು ದಿನವೂ ಬಳಸುವ ಎಂಇಕೆ ದ್ರಾವಕದಲ್ಲಿ ಕರಗುವುದೇ ಇಲ್ಲ. ದಪ್ಪ ವಾರ್ನಿಷ್ ಗಾಜಿನ ನೂಲಿನ ಎಳೆಗಳ ಮಧ್ಯೆ ಇಳಿಯುವುದಿಲ್ಲ. ಎಳೆಗಳ ನಡುವೆ ಗಾಳಿ ಉಳಿಯುತ್ತದೆ. ಹಾಗೆ ಉಳಿದ ಸಂದಿಯಲ್ಲೇ ಮುಂದೆ ತೇವ ಸೇರಿ, ವೋಲ್ಟೇಜ್ ಇರುವಾಗ ತಾಮ್ರದ ಲವಣ ಎಳೆಯುದ್ದಕ್ಕೂ ಬೆಳೆದು, ಎರಡು ರಂಧ್ರಗಳ ನಡುವೆ ಶಾರ್ಟ್ ಆಗುತ್ತದೆ. ಬೋರ್ಡ್ ಮನೆಗೆ ಹೋಗಿ ಎರಡು ವರ್ಷ ಆದ ಮೇಲೆ ಸಾಯುವುದಕ್ಕೆ ಇದೂ ಒಂದು ಕಾರಣ.

ಎರಡನೇ ತೊಂದರೆ ಇನ್ನೂ ದೊಡ್ಡದು. ಎಪಾಕ್ಸಿ ಗಟ್ಟಿಯಾಗುತ್ತಾ ಹೋದ ಹಾಗೆ ಅದರ ಅಣುಗಳು ದೊಡ್ಡದಾಗುತ್ತವೆ, ಉದ್ದನೆಯ ಪಿಪಿಇಗೂ ಅದಕ್ಕೂ ಹೊಂದಾಣಿಕೆ ತಪ್ಪುತ್ತದೆ, ಎರಡೂ ಬೇರೆ ಬೇರೆಯಾಗುತ್ತವೆ. ಮಜ್ಜಿಗೆ ಬಹಳ ಹೊತ್ತು ಇಟ್ಟರೆ ತಿಳಿ ಮೇಲೆ ಬರುವ ಹಾಗೆ. ಲ್ಯಾಮಿನೇಟ್‌ನಲ್ಲಿ ಹೀಗಾದರೆ ಒಂದು ಕಡೆ ಪಿಪಿಇ ಜಾಸ್ತಿ, ಇನ್ನೊಂದು ಕಡೆ ಎಪಾಕ್ಸಿ ಜಾಸ್ತಿ. ಎರಡು ಕಡೆಯೂ ಡಿಕೆ ಬೇರೆ, ಹಿಗ್ಗುವಿಕೆ ಬೇರೆ.

ಮೂರನೆಯದು: ಉದ್ದ ಸರಪಳಿಗೆ ಪ್ರತಿಕ್ರಿಯಿಸುವ ತುದಿ ಸಾಮಾನ್ಯವಾಗಿ ಒಂದೇ. ಅಷ್ಟು ಉದ್ದಕ್ಕೆ ಒಂದು ಫಿನಾಲ್ ಗುಂಪು ಅಂದರೆ ಲೆಕ್ಕಕ್ಕೇ ಇಲ್ಲ. ಎಪಾಕ್ಸಿ ಗಟ್ಟಿಯಾಗುವಾಗ ಅಣುಗಳು ಕಟ್ಟಿಕೊಳ್ಳುವ ಜಾಲಕ್ಕೆ ಸೇರದ ಪಿಪಿಇ ಥರ್ಮೋಪ್ಲಾಸ್ಟಿಕ್ ಆಗಿಯೇ ಉಳಿಯುತ್ತದೆ. ಬೆಸುಗೆಯ ಬಿಸಿಗೆ ಮೆತ್ತಗಾಗುತ್ತದೆ, ಬೋರ್ಡ್ ತೊಳೆಯುವ ದ್ರಾವಕಕ್ಕೆ ಉಬ್ಬುತ್ತದೆ.

ಸರಪಳಿಯನ್ನು ಚಿಕ್ಕದು ಮಾಡುವುದು ಹೇಗೆ?

ಎರಡು ದಾರಿ ಇವೆ.

ಹಳೆಯ ದಾರಿಗೆ ರೀಡಿಸ್ಟ್ರಿಬ್ಯೂಶನ್ ಅಂತ ಹೆಸರು. ಉದ್ದನೆಯ ಪಿಪಿಇಯನ್ನು ಟೊಲುಯೀನ್‌ನಲ್ಲಿ ಬಿಸಿ ಮಾಡಿ ಕರಗಿಸಿ, ಬಿಸ್ಫಿನಾಲ್-ಎ ಥರದ ಒಂದು ಫಿನಾಲ್ ಹಾಕಿ, ಬೆಂಜೋಯಿಲ್ ಪೆರಾಕ್ಸೈಡ್ ಸೇರಿಸುತ್ತಾರೆ. ಪೆರಾಕ್ಸೈಡ್ ಫಿನಾಲ್‌ನಿಂದ ಹೈಡ್ರೋಜನ್ ಕಿತ್ತುಕೊಂಡು ರಾಡಿಕಲ್ ಮಾಡುತ್ತದೆ. ಆ ರಾಡಿಕಲ್ ಪಿಪಿಇ ಸರಪಳಿಗೆ ಸೇರಿ, ಜಾಗ ಅದಲುಬದಲಾಗಿ, ಉದ್ದನೆಯದು ತುಂಡಾಗುತ್ತದೆ. ಕಡೆಗೆ ಅಣುತೂಕ ಕೆಲವು ಸಾವಿರಕ್ಕೆ ಇಳಿಯುತ್ತದೆ. ಫಿನಾಲ್ ಎಷ್ಟು ಹಾಕಿದಿರಿ ಅನ್ನುವುದರ ಮೇಲೆ ತುಂಡಿನ ಉದ್ದ ನಿಂತಿದೆ.

ಕೆಟಲ್‌ನಲ್ಲಿ, ಅಂದರೆ ಪ್ರತಿಕ್ರಿಯೆ ನಡೆಯುವ ಪಾತ್ರೆಯಲ್ಲಿ, ಇದನ್ನು ನೋಡುವುದೇ ಚೆಂದ. ಶುರುವಿನಲ್ಲಿ ಕಲಕುವ ಕಡ್ಡಿಯ ಸುತ್ತ ಸಕ್ಕರೆ ಪಾಕದಷ್ಟು ದಪ್ಪ ಇದ್ದ ದ್ರಾವಣ ಪೆರಾಕ್ಸೈಡ್ ಬಿದ್ದ ಮೇಲೆ ತೆಳ್ಳಗಾಗುತ್ತಾ ಬರುತ್ತದೆ, ಮೋಟರ್ ಮೇಲಿನ ಭಾರ ಇಳಿದದ್ದು ಶಬ್ದದಲ್ಲೇ ತಿಳಿಯುತ್ತದೆ. ಆದರೆ ಕೊನೆಗೆ ಪಾತ್ರೆಯಲ್ಲಿ ಪಿಪಿಇ ಮಾತ್ರ ಉಳಿಯುವುದಿಲ್ಲ. ಪೆರಾಕ್ಸೈಡಿನ ಚೂರುಗಳೂ ಇರುತ್ತವೆ, ಬೆಂಜೋಯಿಕ್ ಆಸಿಡ್ ಕೂಡ. ಆ ಆಸಿಡ್ ಎಪಾಕ್ಸಿ ಜೊತೆ ತಾನೇ ಪ್ರತಿಕ್ರಿಯಿಸುತ್ತದೆ, ಜೆಲ್ ಟೈಮ್, ಅಂದರೆ ರೆಸಿನ್ ಬಿಸಿಗೆ ಗಟ್ಟಿಯಾಗತೊಡಗಲು ಹಿಡಿಯುವ ಸಮಯ, ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಜರುಗುತ್ತದೆ. ಈ ದಾರಿ ಹಿಡಿಯುವವರು ಪ್ರತಿ ಬ್ಯಾಚಿಗೂ ಆಸಿಡ್ ಮೌಲ್ಯ ನೋಡಲೇಬೇಕು.

ಹೊಸ ದಾರಿಯಲ್ಲಿ ಉದ್ದ ಮಾಡಿ ಕತ್ತರಿಸುವ ಬದಲು ಮೊದಲೇ ಚಿಕ್ಕದಾಗಿ ಬೆಳೆಸುತ್ತಾರೆ. 2,6-ಕ್ಸೈಲಿನಾಲ್ ಜೊತೆಗೆ ಟೆಟ್ರಾಮೀಥೈಲ್ ಬಿಸ್ಫಿನಾಲ್-ಎ ಹಾಕಿ ಆಕ್ಸಿಜನ್ ಹಾಯಿಸಿದರೆ ಸರಪಳಿ ಆ ಬಿಸ್ಫಿನಾಲ್‌ನ ಎರಡೂ ಕಡೆ ಬೆಳೆಯುತ್ತದೆ. ಎರಡೂ ತುದಿಯಲ್ಲಿ ಫಿನಾಲ್ ಗುಂಪು ಸಿಗುತ್ತದೆ. ಸಾಬಿಕ್‌ನ ಎಸ್‌ಎ90 ಎಂಬ ದರ್ಜೆ ಈ ಜಾತಿಯದು, ಸರಾಸರಿ ಅಣುತೂಕ ಸುಮಾರು 1,600. ಇದು ಟೊಲುಯೀನ್‌ನಲ್ಲೂ ಎಂಇಕೆಯಲ್ಲೂ ಸಾಮಾನ್ಯ ತಾಪಮಾನದಲ್ಲೇ ಕರಗುತ್ತದೆ. ಇವತ್ತು ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಈ ಎರಡನೇ ದಾರಿಯೇ.

ಒಂದು ತುದಿ ಇದ್ದರೇನು, ಎರಡು ತುದಿ ಇದ್ದರೇನು?

ಇಡೀ ವಿಷಯ ನಿಂತಿರುವುದೇ ಇದರ ಮೇಲೆ. ಚಿಕ್ಕದು ಮಾಡಿದ್ದರಿಂದ ಕರಗುವ ತೊಂದರೆ ಮಾತ್ರ ಹೋಯಿತು. ಬೋರ್ಡ್ ಗಟ್ಟಿಯಾಗಿ ಉಳಿಯಬೇಕಾದರೆ ಪಿಪಿಇ ಎಪಾಕ್ಸಿ ಜಾಲದ ಭಾಗವೇ ಆಗಬೇಕು, ಅತಿಥಿಯಾಗಿ ಬಂದು ಕೂತರೆ ಸಾಲದು.

ಒಂದೇ ತುದಿ ಇರುವ ಸರಪಳಿ ಎಪಾಕ್ಸಿಗೆ ಒಂದು ಕಡೆ ಕಟ್ಟಿಕೊಳ್ಳುತ್ತದೆ, ಇನ್ನೊಂದು ತುದಿ ಸುಮ್ನೆ ನೇತಾಡುತ್ತದೆ. ಅಂಥ ಸರಪಳಿ ಜಾಸ್ತಿಯಾದಷ್ಟೂ ಜಾಲ ಸಡಿಲ, ಟಿಜಿ ಕಡಿಮೆ. ಎರಡು ತುದಿ ಇದ್ದರೆ ಸರಪಳಿ ಎರಡು ಎಪಾಕ್ಸಿ ಕೊಂಡಿಗಳ ನಡುವೆ ಸೇತುವೆಯಾಗುತ್ತದೆ. ಮಾರುಕಟ್ಟೆಯ ಎರಡು ತುದಿಯ ಪಿಪಿಇಯಲ್ಲೂ ಸರಾಸರಿ ಪೂರ್ತಿ 2 ಇರುವುದಿಲ್ಲ, 1.9ರ ಆಸುಪಾಸು ಇರುತ್ತದೆ. ತಯಾರಕರ ಹಾಳೆಯಲ್ಲಿ ಅಣುತೂಕಕ್ಕಿಂತ ಮೊದಲು ನೀವು ಹುಡುಕಬೇಕಾದ್ದು ಈ ಸಂಖ್ಯೆಯನ್ನು.

ಅಣುತೂಕ ಇಳಿಸಿದರೆ ಟಿಜಿ ಬೀಳುವುದಿಲ್ಲವೇ?

ಬೀಳುತ್ತದೆ. ಚಿಕ್ಕ ಪಿಪಿಇ ಒಂದನ್ನೇ ಅಳೆದರೆ ಟಿಜಿ 150ಕ್ಕಿಂತ ಕೆಳಗೆ ಬರುತ್ತದೆ, ಮೊದಲಿನ 210 ಎಲ್ಲಿ ಹೋಯಿತು ಅಂತ ಗಾಬರಿಯಾಗುತ್ತದೆ. ಗಾಬರಿ ಬೇಡ. ಎರಡೂ ತುದಿ ಎಪಾಕ್ಸಿಗೆ ಕಟ್ಟಿಕೊಂಡ ಮೇಲೆ ತುದಿಗಳ ಸಡಿಲತನ ಹೋಗುತ್ತದೆ, ಟಿಜಿ ಮತ್ತೆ ಏರುತ್ತದೆ. ಪೂರ್ತಿ ಗಟ್ಟಿಯಾದ ಲ್ಯಾಮಿನೇಟ್‌ನಲ್ಲಿ ಅಳೆದ ಟಿಜಿ ಮಾತ್ರ ನಂಬಿ.

ನೂರು ಗ್ರಾಂ ರೆಸಿನ್‌ನಲ್ಲಿ ಪಿಪಿಇ ಎಷ್ಟು ಹಾಕಬಹುದು?

ಲೆಕ್ಕ ಇಟ್ಟು ನೋಡೋಣ. 1,600 ಅಣುತೂಕ, 1.9 ತುದಿ ಅಂದರೆ ಒಂದು ಫಿನಾಲ್ ಗುಂಪಿಗೆ ಸುಮಾರು 840 ಗ್ರಾಂ ಪಿಪಿಇ. ಸಾಮಾನ್ಯ ಬಿಸ್ಫಿನಾಲ್-ಎ ಎಪಾಕ್ಸಿಯಲ್ಲಿ ಒಂದು ಎಪಾಕ್ಸಿ ಗುಂಪಿಗೆ ಸುಮಾರು 188 ಗ್ರಾಂ. ಒಂದಕ್ಕೊಂದು ಸರಿ ಹೊಂದಿಸಿದರೆ ರೆಸಿನ್‌ನಲ್ಲಿ ಶೇ. 82 ಪಿಪಿಇ ಆಗುತ್ತದೆ. ಕೊಂಡಿಗಳು ದೂರ ದೂರ, ವಾರ್ನಿಷ್ ದಪ್ಪ, ಬೆಲೆ ಜಾಸ್ತಿ. ಹಾಗಾಗಿ ಪಿಪಿಇಯನ್ನು ಒಂದೇ ಹಾರ್ಡ್‌ನರ್ (ಎಪಾಕ್ಸಿ ಜೊತೆ ಸೇರಿ ಅದನ್ನು ಗಟ್ಟಿ ಮಾಡುವ ವಸ್ತು) ಆಗಿ ಬಳಸುವುದು ಕಷ್ಟ, ಇನ್ನೊಂದು ಚಿಕ್ಕ ಹಾರ್ಡ್‌ನರ್ ಜೊತೆಗೆ ಬೇಕು.

ಈಗ ಡೈಸೈಕ್ಲೋಪೆಂಟಡೈಈನ್ ಎಪಾಕ್ಸಿ ತೆಗೆದುಕೊಳ್ಳಿ, ಗುಂಪಿಗೆ 260 ಗ್ರಾಂ ಇಟ್ಟುಕೊಳ್ಳೋಣ. ಅದರ ಮೈಯಲ್ಲಿ ಹೈಡ್ರೋಕಾರ್ಬನ್ ಭಾಗ ಜಾಸ್ತಿ, ಹಾಗಾಗಿ ಡಿಕೆ ಮೊದಲೇ ಸ್ವಲ್ಪ ಕಡಿಮೆ. ಪಿಪಿಇ 40 ಗ್ರಾಂ ಹಾಕಿದರೆ 0.048 ಗುಂಪು ಬಂತು. ಎಪಾಕ್ಸಿ 46 ಗ್ರಾಂನಲ್ಲಿ 0.177 ಗುಂಪು. ಉಳಿದ 0.129ಕ್ಕೆ ಮೇಲೆ ಹೇಳಿದ ಚಿಕ್ಕ ಹಾರ್ಡ್‌ನರ್ ಆಗಿ ಫಿನಾಲ್ ನೊವೊಲಾಕ್ ಬೇಕು. ಅದರಲ್ಲಿ ಗುಂಪಿಗೆ 105 ಗ್ರಾಂ, ಅಂದರೆ ಸುಮಾರು 14 ಗ್ರಾಂ. 40, 46, 14, ಒಟ್ಟು ನೂರು. ಇದು ಸಿದ್ಧ ಫಾರ್ಮುಲಾ ಅಲ್ಲ, ಶುರು ಮಾಡಲು ಒಂದು ಜಾಗ. ಇಲ್ಲಿಂದ ಪಿಪಿಇಯನ್ನು ಸ್ವಲ್ಪ ಸ್ವಲ್ಪವೇ ಮೇಲೆ ಕೆಳಗೆ ಮಾಡಿ, ಜೆಲ್ ಟೈಮ್, ಟಿಜಿ, ಡಿಎಫ್ ಮೂರನ್ನೂ ಒಟ್ಟಿಗೆ ಗಮನಿಸಿ.

ಗಟ್ಟಿಯಾಗುವ ಪ್ರತಿಕ್ರಿಯೆಗೆ ವೇಗ ಕೊಡಲು ಇಮಿಡಜೋಲ್ ಸಾಕು. 2-ಮೀಥೈಲ್ ಇಮಿಡಜೋಲ್ ತೀರಾ ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ. ಪಿಪಿಇಯ ಫಿನಾಲ್ ಪಕ್ಕದಲ್ಲಿ ಎರಡು ಮೀಥೈಲ್ ಗುಂಪುಗಳು ಅಡ್ಡ ಕೂತಿವೆ, ಅದು ನೊವೊಲಾಕ್‌ನ ಫಿನಾಲ್‌ನಷ್ಟು ಚುರುಕಲ್ಲ. ಬೇಕಿಂಗ್ ಬೇಗ ಮುಗಿಸಿದರೆ ನೊವೊಲಾಕ್ ಎಲ್ಲ ಸೇರಿಹೋಗಿ ಪಿಪಿಇ ಮಾತ್ರ ಹೊರಗೆ ಉಳಿಯುವ ಸಾಧ್ಯತೆ ಇದೆ. ಗಟ್ಟಿಯಾದ ತುಂಡನ್ನು ಪುಡಿ ಮಾಡಿ ಟೊಲುಯೀನ್‌ನಲ್ಲಿ ನೆನೆಸಿಟ್ಟು, ಕರಗಿ ಬಂದದ್ದನ್ನು ತೂಗಿ ನೋಡಿದರೆ ಇದು ತಿಳಿಯುತ್ತದೆ. ಸರಳ ಪರೀಕ್ಷೆ, ಆದರೆ ಬಹಳ ಜನ ಮಾಡುವುದಿಲ್ಲ.

ಮೆಥಾಕ್ರಿಲೇಟ್ ತುದಿಯ ಪಿಪಿಇ ಕೂಡ ಸಿಗುತ್ತದೆ. ಅದನ್ನು ಎಪಾಕ್ಸಿಗೆ ಹಾಕಬಹುದೇ?

ಅದು ಬೇರೆ ಕೆಲಸಕ್ಕೆ. ಫಿನಾಲ್ ತುದಿಯನ್ನು ಮೆಥಾಕ್ರಿಲೇಟ್‌ನಿಂದ ಮುಚ್ಚಿದರೆ ಅದು ಎಪಾಕ್ಸಿ ಜೊತೆ ಪ್ರತಿಕ್ರಿಯಿಸುವುದಿಲ್ಲ, ಪೆರಾಕ್ಸೈಡಿನಿಂದ ರಾಡಿಕಲ್ ದಾರಿಯಲ್ಲಿ ಗಟ್ಟಿಯಾಗುತ್ತದೆ. ಎಪಾಕ್ಸಿಯನ್ನು ಬಿಟ್ಟು, ಟಿಎಐಸಿ ಥರದ ಕೊಂಡಿ ಹಾಕುವ ವಸ್ತುಗಳ ಜೊತೆ ಬಳಸುತ್ತಾರೆ. ಡಿಎಫ್ ಇನ್ನೂ ಕೆಳಗೆ ಇಳಿಯುತ್ತದೆ, ಬೆಲೆ ಮೇಲೆ ಹೋಗುತ್ತದೆ. ದೊಡ್ಡ ಸರ್ವರ್, ಸ್ವಿಚ್ ಬೋರ್ಡುಗಳಿಗೆ ಬರುವ ಪ್ಯಾನಸೋನಿಕ್‌ನ ಮೆಗ್ಟ್ರಾನ್ 6 ಥರದ ಪಿಪಿಇ ಲ್ಯಾಮಿನೇಟ್‌ಗಳ ಡಿಎಫ್ 0.002ರಿಂದ 0.004ರ ಆಸುಪಾಸು. ನಿಮ್ಮ ಕೆಲಸ 0.010ರಲ್ಲಿ ನಡೆಯುತ್ತದೆ ಅಂದರೆ ಎಪಾಕ್ಸಿ ಜೊತೆಯ ಪಿಪಿಇ ಸಾಕು, ಅಲ್ಲಿಗೆ ಹೋಗಬೇಕಿಲ್ಲ.

ವಾರ್ನಿಷ್ ಮಾಡಿದ ಮೇಲೆ ಮಸುಕಾಗುತ್ತಿದೆ. ಏನು ಮಾಡಲಿ?

ಮೊದಲು, ಬಾಟಲಿಯಲ್ಲಿ ತಿಳಿಯಾಗಿ ಕಂಡರೆ ಸಾಲದು ಅನ್ನುವುದು ನೆನಪಿರಲಿ. ಒಂದು ಹನಿ ವಾರ್ನಿಷ್ ಅನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಕಿಟಕಿ ಬೆಳಕಿಗೆ ಹಿಡಿದು, ದ್ರಾವಕ ಹಾರುವುದನ್ನು ನೋಡಿ. ಅಂಚಿನಿಂದ ಒಣಗುತ್ತಾ ಬರುತ್ತದೆ. ಪೂರ್ತಿ ಒಣಗುವವರೆಗೂ ಗಾಜಿನ ಹಾಗೆ ತಿಳಿಯಾಗಿದ್ದರೆ ಒಳ್ಳೆಯದು. ಅಂಚಿನಲ್ಲಿ ಹಾಲಿನ ಬಣ್ಣದ ಗೆರೆ ಮೂಡಿ ಒಳಗೆ ಸರಿಯುತ್ತಾ ಬಂದರೆ ಪಿಪಿಇ ಬೇರೆಯಾಗುತ್ತಿದೆ ಅಂತ ಅರ್ಥ. ಅದ್ದಿದ ಬಟ್ಟೆ ಒಣಗಿಸುವ ಟ್ರೀಟರ್ ಗೋಪುರದಲ್ಲೂ ಇದೇ ನಡೆಯುತ್ತದೆ, ಅಲ್ಲಿ ನಿಮಗೆ ಕಾಣುವುದಿಲ್ಲ ಅಷ್ಟೆ.

ಆಮೇಲೆ ಅದೇ ಪಟ್ಟಿಯನ್ನು 180 ಡಿಗ್ರಿಯಲ್ಲಿ ಬೇಯಿಸಿ ಮತ್ತೆ ನೋಡಿ. ಒಣಗಿದಾಗ ತಿಳಿಯಾಗಿದ್ದು ಬೆಂದ ಮೇಲೆ ಮಸುಕಾದರೆ, ಎಪಾಕ್ಸಿ ಬೆಳೆಯುವ ವೇಗಕ್ಕೆ ಪಿಪಿಇ ಕಟ್ಟಿಕೊಳ್ಳುವ ವೇಗ ಸಾಲದು. ಇಂಥ ಕಡೆ ಪಿಪಿಇಯ ಸ್ವಲ್ಪ ಭಾಗವನ್ನು ಎಪಾಕ್ಸಿ ಜೊತೆ ಕೆಟಲ್‌ನಲ್ಲೇ ಮೊದಲು ಪ್ರತಿಕ್ರಿಯೆ ಮಾಡಿಸಿಕೊಂಡು, ನಂತರ ಉಳಿದದ್ದನ್ನು ಸೇರಿಸಿದರೆ ಹೊಂದಿಕೆ ಸುಧಾರಿಸುತ್ತದೆ.

ಡೈಸಿ, ಅಂದರೆ ಡೈಸೈಯಾನ್‌ಡೈಅಮೈಡ್ ಹಾರ್ಡ್‌ನರ್ ಬಳಸಿ ಅಭ್ಯಾಸ ಇರುವವರಿಗೆ ಒಂದು ಮಾತು. ಡೈಸಿಯನ್ನು ಕರಗಿಸಲು ಡಿಎಂಎಫ್ ಥರದ ತೀವ್ರ ಧ್ರುವೀಯ ದ್ರಾವಕ ಬೇಕು. ಪಿಪಿಇಗೆ ಅದು ಆಗಿಬರುವುದಿಲ್ಲ, ಟೊಲುಯೀನ್ ವಾರ್ನಿಷ್‌ಗೆ ಸುರಿದರೆ ಪಿಪಿಇ ಹೊರಗೆ ಬೀಳಬಹುದು. ದೊಡ್ಡ ಟ್ಯಾಂಕಿಗೆ ಕೈ ಹಾಕುವ ಮೊದಲು ಚಿಕ್ಕ ಬಾಟಲಿಯಲ್ಲಿ ನೋಡಿ.

ಪ್ರಿಪ್ರೆಗ್ ಕತ್ತರಿಸುವಾಗ ಪುಡಿ ಉದುರುತ್ತದೆ. ಪಿಪಿಇ ಕಾರಣವೇ?

ಹೌದು, ಸ್ವಲ್ಪ ಮಟ್ಟಿಗೆ. ಚಿಕ್ಕ ಪಿಪಿಇ ಬೇಯುವ ಮೊದಲು ಬಿರುಸಾದ, ಅಂದರೆ ಬಾಗದೆ ಒಡೆಯುವ ವಸ್ತು. ದ್ರಾವಕ ಪೂರ್ತಿ ಹಾರಿಸಿ, ಬೇಕಾದ್ದಕ್ಕಿಂತ ಜಾಸ್ತಿ ಬೇಯಿಸಿಬಿಟ್ಟರೆ ಕತ್ತರಿಸಿದ ಅಂಚಿನಿಂದ ಪುಡಿ ಉದುರುತ್ತದೆ. ಆ ಪುಡಿ ತಾಮ್ರದ ಮೇಲೆ ಬಿದ್ದು ಪ್ರೆಸ್ ಆದರೆ ರೆಸಿನ್ ಚುಕ್ಕೆ ಉಳಿಯುತ್ತದೆ, ಎಚ್ಚಿಂಗ್‌ನಲ್ಲಿ ಶಾರ್ಟ್ ಕೊಡುತ್ತದೆ. ಗೋಪುರದ ಕೊನೆಯ ವಲಯದ ಬಿಸಿ ಇಳಿಸಿ ನೋಡಿ. ಸ್ವಲ್ಪ ಉದ್ದನೆಯ ಪಿಪಿಇ ಅಥವಾ ರಬ್ಬರ್ ಸೇರಿಸುವವರೂ ಇದ್ದಾರೆ, ಆದರೆ ರಬ್ಬರ್ ಹಾಕಿದರೆ ಡಿಎಫ್ ಮತ್ತೆ ಅಳೆಯಿರಿ.

ಪ್ರೆಸ್ ಮಾಡುವ ವಿಧಾನ ಬದಲಾಗುತ್ತದೆಯೇ?

ಸ್ವಲ್ಪ. ಎಫ್‌ಆರ್-4ಗಿಂತ ಹರಿವು ನಿಧಾನ, ಹಾಗಾಗಿ ಒತ್ತಡ ಕೊಡುವ ಸಮಯ ಸರಿಯಾಗಿರಬೇಕು. ಕೊನೆಯ ತಾಪಮಾನ 190ರಿಂದ 200 ಡಿಗ್ರಿಗೆ ಏರಿಸಿ ಒಂದೂವರೆ ಗಂಟೆಯಾದರೂ ಹಿಡಿಯಿರಿ.

ತಾಮ್ರ ಅಂಟುವುದು ಕಡಿಮೆಯಾಗುತ್ತದೆ ಅಂತಾರೆ, ನಿಜವೇ?

ನಿಜ. ಎಪಾಕ್ಸಿ ತಾಮ್ರಕ್ಕೆ ಚೆನ್ನಾಗಿ ಅಂಟುವುದಕ್ಕೆ ಅದರ ಧ್ರುವೀಯ ಗುಂಪುಗಳು ದೊಡ್ಡ ಕಾರಣ. ಡಿಎಫ್ ಏರಿಸುವವೂ ಅವೇ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದೂ ಕಡಿಮೆಯಾಗುತ್ತದೆ. ಸಾಧಾರಣ ಎಫ್‌ಆರ್-4ರಲ್ಲಿ 35 ಮೈಕ್ರಾನ್ ತಾಮ್ರ ಎಳೆಯಲು ಮಿಲಿಮೀಟರ್ ಅಗಲಕ್ಕೆ ಸುಮಾರು 1.4 ನ್ಯೂಟನ್ ಬೇಕು. ಪಿಪಿಇ ಪಾಲು ಏರಿದ ಹಾಗೆ ಇದು ಇಳಿಯುತ್ತದೆ.

ಒರಟು ತಾಮ್ರ ಹಾಕಿ ಸರಿಮಾಡೋಣ ಅಂದುಕೊಳ್ಳಬಹುದು. ಆದರೆ 10 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಮೇಲ್ಮೈಯ ಸುಮಾರು 0.66 ಮೈಕ್ರಾನ್ ಆಳದಲ್ಲೇ ಓಡುತ್ತದೆ. ಒರಟು ಹಲ್ಲುಗಳು ಹಲವು ಮೈಕ್ರಾನ್ ಎತ್ತರ ಇದ್ದರೆ ಕರೆಂಟ್ ಅದರ ಮೇಲೆ ಹತ್ತಿ ಇಳಿಯಬೇಕು. ಪಿಪಿಇ ಹಾಕಿ ಉಳಿಸಿದ್ದನ್ನು ತಾಮ್ರದಲ್ಲಿ ಕಳೆದ ಹಾಗಾಗುತ್ತದೆ. ನುಣುಪು ತಾಮ್ರ, ಅದಕ್ಕೆ ತಕ್ಕ ಸಿಲೇನ್ ಲೇಪ, ಸಾಕಷ್ಟು ಎಪಾಕ್ಸಿ ಪಾಲು, ಈ ಮೂರನ್ನೂ ಒಟ್ಟಿಗೆ ಸರಿ ಮಾಡಬೇಕು. ಎಪಾಕ್ಸಿಯನ್ನು ಪೂರ್ತಿ ಬಿಡದೆ ಇಟ್ಟುಕೊಳ್ಳುವುದಕ್ಕೆ ಅಂಟು ಒಂದು ಗಟ್ಟಿ ಕಾರಣ.

ಪಿಪಿಇ ಇಷ್ಟು ಹಾಕಿದರೂ ಡಿಎಫ್ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಯಾಕೆ?

ಸಾಮಾನ್ಯವಾಗಿ ಮೂರು ಕಡೆ ನೋಡಬೇಕು.

ಒಂದು, ಎಪಾಕ್ಸಿ ಫಿನಾಲ್ ಜೊತೆ ಸೇರಿದಾಗಲೆಲ್ಲ ಒಂದು ಹೊಸ ಹೈಡ್ರಾಕ್ಸಿಲ್ ಗುಂಪು ಹುಟ್ಟುತ್ತದೆ. ಪಿಪಿಇಯ ಫಿನಾಲ್ ಸೇರಿದರೂ ಅಷ್ಟೆ. ಈ ಹೈಡ್ರಾಕ್ಸಿಲ್ ಧ್ರುವೀಯ, ನೀರನ್ನೂ ಹಿಡಿದುಕೊಳ್ಳುತ್ತದೆ. ನೀರಿನ ಡಿಕೆ ಸುಮಾರು 80, ಅದರ ಸ್ವಲ್ಪ ಪಾಲು ಸೇರಿದರೂ ಲೆಕ್ಕ ಕೆಡುತ್ತದೆ. ಇದಕ್ಕೆ ಉಪಾಯ ನೊವೊಲಾಕ್ ಬದಲು ಆಕ್ಟಿವ್ ಎಸ್ಟರ್ ಹಾರ್ಡ್‌ನರ್. ಅದು ಎಪಾಕ್ಸಿ ಜೊತೆ ಸೇರುವಾಗ ಹೈಡ್ರಾಕ್ಸಿಲ್ ಜಾಗದಲ್ಲಿ ಎಸ್ಟರ್ ಕೂರುತ್ತದೆ. ಸೈಯನೇಟ್ ಎಸ್ಟರ್ ಕೂಡ ಒಳ್ಳೆಯದು, ಬೆಲೆ ಮಾತ್ರ ಜಾಸ್ತಿ.

ಎರಡು, ಗಾಜು. ಲ್ಯಾಮಿನೇಟ್ ಬರೀ ರೆಸಿನ್ ಅಲ್ಲ ಅನ್ನುವುದನ್ನು ಜನ ಮರೆತುಬಿಡುತ್ತಾರೆ. ತೂಕದಲ್ಲಿ ಅರ್ಧ ರೆಸಿನ್ ಅರ್ಧ ಗಾಜು ಇದ್ದರೆ, ಗಾಜು ಭಾರವಾದ್ದರಿಂದ ಗಾತ್ರದಲ್ಲಿ ಅದು ಶೇ. 32ರಷ್ಟು. ಈ ಬಟ್ಟೆಗೆ ಸಾಮಾನ್ಯವಾಗಿ ಬಳಸುವ ಇ-ಗ್ಲಾಸ್‌ ಗಾಜಿನ ಡಿಕೆ ಸುಮಾರು 6.6. ರೆಸಿನ್ ಡಿಕೆ 3.6 ಇದ್ದರೆ ಲ್ಯಾಮಿನೇಟ್ ಸುಮಾರು 4.56. ನೀವು ಕಷ್ಟಪಟ್ಟು ರೆಸಿನ್ ಅನ್ನು 3.0ಗೆ ಇಳಿಸಿದರೆ ಲ್ಯಾಮಿನೇಟ್ ಸುಮಾರು 4.15. ರೆಸಿನ್‌ನಲ್ಲಿ 0.6 ಇಳಿದದ್ದು ಬೋರ್ಡಿನಲ್ಲಿ 0.4 ಆಗಿ ಕಾಣುತ್ತದೆ. ರೆಸಿನ್ ಪಾಲು ಏರಿಸಬಹುದು, ಅಥವಾ ಕಡಿಮೆ ಡಿಕೆಯ ಗಾಜಿನ ಬಟ್ಟೆ ಹಾಕಬಹುದು. ಎರಡಕ್ಕೂ ಬೆಲೆ ಇದೆ: ರೆಸಿನ್ ಜಾಸ್ತಿಯಾದರೆ ಹಿಗ್ಗುವಿಕೆ ಜಾಸ್ತಿ, ಆ ಗಾಜು ದುಬಾರಿ.

ಮೂರು, ಅಳತೆ. ಮಾದರಿ ತುಂಡು ಒಣಗಿತ್ತೇ? ಯಾವ ಫ್ರೀಕ್ವೆನ್ಸಿಯಲ್ಲಿ ಅಳೆದಿರಿ? ರೆಸಿನ್ ಪಾಲು ಎಷ್ಟಿತ್ತು? ಇವು ಮೂರೂ ಬರೆಯದ ಡಿಎಫ್ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಸೀಸವಿಲ್ಲದ ಬೆಸುಗೆಗೆ ಇದು ತಡೆಯುತ್ತದೆಯೇ?

ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸದ ಬಳಕೆಗೆ ಮಿತಿ ಹಾಕುವ ಯುರೋಪಿನ ರೋಹ್ಸ್ ನಿಯಮ 2006ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಬೆಸುಗೆ ತಾಪಮಾನ 245ರಿಂದ 260 ಡಿಗ್ರಿಗೆ ಏರಿತು. ಆಗ ಮುಖ್ಯವಾಗುವುದು ದಪ್ಪದ ದಿಕ್ಕಿನಲ್ಲಿ ಬೋರ್ಡ್ ಎಷ್ಟು ಹಿಗ್ಗುತ್ತದೆ ಅನ್ನುವುದು, ಯಾಕೆಂದರೆ ರಂಧ್ರದ ಒಳಗಿನ ತಾಮ್ರ ಅಷ್ಟು ಹಿಗ್ಗುವುದಿಲ್ಲ. ತಾಮ್ರ ಡಿಗ್ರಿಗೆ 17 ಪಿಪಿಎಂ (ಹತ್ತು ಲಕ್ಷದಲ್ಲಿ 17 ಪಾಲು) ಹಿಗ್ಗುತ್ತದೆ. ಲ್ಯಾಮಿನೇಟ್ ಟಿಜಿಗಿಂತ ಕೆಳಗೆ ಸುಮಾರು 60, ಟಿಜಿ ದಾಟಿದ ಮೇಲೆ 280 ಅಂತ ಇಟ್ಟುಕೊಳ್ಳಿ. 1.6 ಮಿಲಿಮೀಟರ್ ಬೋರ್ಡ್ 25ರಿಂದ 260 ಡಿಗ್ರಿಗೆ ಹೋದಾಗ, ಟಿಜಿ 140 ಇದ್ದರೆ 65 ಮೈಕ್ರಾನ್ ದಪ್ಪವಾಗುತ್ತದೆ, ಟಿಜಿ 180 ಇದ್ದರೆ 51 ಮೈಕ್ರಾನ್. ಪಿಪಿಇಯ ಗಡಸು ಬೆನ್ನೆಲುಬು ಟಿಜಿಯನ್ನು ಮೇಲೆ ಇಡಲು ಸಹಾಯ ಮಾಡುತ್ತದೆ, ಎರಡೂ ತುದಿ ಕಟ್ಟಿಕೊಂಡಿದ್ದರೆ ಮಾತ್ರ.

ಬೆಂಕಿ ತಡೆಯುವ ಗುಣಕ್ಕೆ ಏನು ಮಾಡಬೇಕು?

ಪಿಪಿಇ ಸುಲಭವಾಗಿ ಉರಿಯುವ ವಸ್ತುವಲ್ಲ, ಬಿಸಿಗೆ ಕರಿ ಪದರ ಕಟ್ಟಿಕೊಳ್ಳುತ್ತದೆ. ಆದರೂ ಬೆಂಕಿ ಪರೀಕ್ಷೆಯ ಯುಎಲ್ 94 ವಿ-0 ದರ್ಜೆಗೆ ಅದೊಂದೇ ಸಾಲದು. ಬ್ರೋಮಿನ್ ಇರುವ ಎಪಾಕ್ಸಿ ಹಳೆಯ ದಾರಿ. ಹ್ಯಾಲೋಜನ್ ಬೇಡ ಅಂದರೆ ರಂಜಕ ಇರುವ ಡೋಪೋ ವರ್ಗದವು ಇವೆ. ಹ್ಯಾಲೋಜನ್ ಇಲ್ಲದ ಬೋರ್ಡ್ ಅನ್ನಿಸಿಕೊಳ್ಳಲು ಬ್ರೋಮಿನ್ 900, ಕ್ಲೋರಿನ್ 900, ಎರಡೂ ಸೇರಿ 1,500 ಪಿಪಿಎಂ ದಾಟಬಾರದು. ರಂಜಕದ ಸೇರಿಕೆಗಳು ನೀರು ಹೀರುವುದನ್ನು ಏರಿಸಬಹುದು, ನೋಡಿಕೊಳ್ಳಿ.

ಬೇರೆ ಪಾಲಿಮರ್‌ಗಳ ಕತೆ ಏನು?

ಪಾಲಿಈಥರ್ ಸಲ್ಫೋನ್, ಪಾಲಿಈಥರ್ ಇಮೈಡ್ ಇವನ್ನು ಎಪಾಕ್ಸಿಯ ಬಿರುಸು ಕಡಿಮೆ ಮಾಡಲು ಹಾಕುತ್ತಾರೆ. ಅಲ್ಲಿ ಬೇರೆಯಾಗುವುದೇ ಉಪಯೋಗ, ಬಿರುಕು ಮುಂದೆ ಹೋಗದಂತೆ ಆ ಭಾಗಗಳು ತಡೆಯುತ್ತವೆ. ಅಮೈನ್ ತುದಿ ಇರುವ ಸಲ್ಫೋನ್ ಆದರೆ ಜಾಲಕ್ಕೆ ಇನ್ನೂ ಚೆನ್ನಾಗಿ ಅಂಟುತ್ತದೆ. ಆದರೆ ಎರಡರಲ್ಲೂ ಧ್ರುವೀಯ ಗುಂಪುಗಳಿವೆ, ಡಿಎಫ್ ಇಳಿಸಲು ಅವು ಸರಿಯಾದ ಆಯ್ಕೆ ಅಲ್ಲ. ಸ್ಟೈರೀನ್ ಮಾಲಿಕ್ ಅನ್‌ಹೈಡ್ರೈಡ್ ಎಪಾಕ್ಸಿಗೆ ತಾನೇ ಹಾರ್ಡ್‌ನರ್ ಆಗಿ ಕೆಲಸ ಮಾಡುತ್ತದೆ, ಅಗ್ಗವೂ ಹೌದು, ಬಿರುಸು ಅದರ ದೋಷ. ಟೆಫ್ಲಾನ್ ಜಾತಿಯ ಪಿಟಿಎಫ್‌ಇ ವಿದ್ಯುತ್ ಗುಣದಲ್ಲಿ ಎಲ್ಲಕ್ಕಿಂತ ಮೇಲು, ಎಪಾಕ್ಸಿಯಲ್ಲಿ ಅದು ಕರಗುವುದೂ ಇಲ್ಲ ಅಂಟುವುದೂ ಇಲ್ಲ. ಬೇಕಾದರೆ ನುಣ್ಣನೆ ಪುಡಿಯಾಗಿ ತುಂಬಬಹುದು.

ಇದು ಬರೀ ಲ್ಯಾಬಿನ ಮಾತೇ, ನಿಜವಾಗಿ ಯಾರಾದರೂ ಮಾರಿದ್ದಾರೆಯೇ?

ಜನರಲ್ ಎಲೆಕ್ಟ್ರಿಕ್ ಗೆಟೆಕ್ ಎಂಬ ಹೆಸರಿನಲ್ಲಿ ಪಿಪಿಇ-ಎಪಾಕ್ಸಿ ಲ್ಯಾಮಿನೇಟ್ ಮಾರಿತ್ತು, ವೇಗದ ಡಿಜಿಟಲ್ ಬೋರ್ಡುಗಳಲ್ಲಿ ಅದು ಚೆನ್ನಾಗಿ ಓಡಿತು. ನಮ್ಮ ಕಡೆ ಇದರ ಬಿಸಿ ತಟ್ಟುವುದು ಬೋರ್ಡ್ ಮಾಡುವ ಹಂತದಲ್ಲಿ. ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಆ್ಯಂಡ್ ಎಸ್‌ನ ಪಿಸಿಬಿ ಕಾರ್ಖಾನೆ ಇದೆ, ಬೆಂಗಳೂರಿನಲ್ಲಿ ರೇಡಾರ್, ಟೆಲಿಕಾಂ ಬೋರ್ಡ್ ವಿನ್ಯಾಸ ಮಾಡುವವರು ಬಹಳ ಜನ. ವಿನ್ಯಾಸ ಮಾಡುವವರು ಡೇಟಾಶೀಟ್‌ನ ಡಿಎಫ್ ಒಂದನ್ನೇ ನೋಡಿ ಆರಿಸದೆ, ರೆಸಿನ್ ಎಂಥದ್ದು, ಹೇಗೆ ಗಟ್ಟಿಯಾಗುತ್ತದೆ ಅಂತ ಪೂರೈಕೆದಾರರನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು ಅನ್ನುವುದು ನನ್ನ ಆಸೆ.

ಹೊಸ ಫಾರ್ಮುಲಾ ಮಾಡಿದೆ. ಮೊದಲು ಯಾವ ಪರೀಕ್ಷೆ ಮಾಡಲಿ?

ಡಿಎಫ್ ಅಳೆಯುವ ಆತುರ ಎಲ್ಲರಿಗೂ ಇರುತ್ತದೆ. ಅದಕ್ಕಿಂತ ಮೊದಲು ಅಗ್ಗದ ಪರೀಕ್ಷೆಗಳಲ್ಲಿ ಬೀಳುತ್ತದೆಯೇ ನೋಡಿ. ಗಾಜಿನ ಪಟ್ಟಿಯ ಪರೀಕ್ಷೆ, ಆಮೇಲೆ ಬಿಸಿ ತಟ್ಟೆಯ ಮೇಲೆ 171 ಡಿಗ್ರಿಯಲ್ಲಿ ಜೆಲ್ ಟೈಮ್, ವಾರ್ನಿಷ್ ಒಂದು ವಾರ ಇಟ್ಟ ಮೇಲೆ ಮತ್ತೆ ಜೆಲ್ ಟೈಮ್. ಇವು ಸರಿ ಇದ್ದರೆ ಕೈಯಿಂದಲೇ ನಾಲ್ಕು ಹಾಳೆ ಬಟ್ಟೆ ಅದ್ದಿ ಚಿಕ್ಕ ಲ್ಯಾಮಿನೇಟ್ ಒತ್ತಿ. ಟಿಜಿಯನ್ನು ಅದೇ ತುಂಡಿನ ಮೇಲೆ ಎರಡು ಸಲ ಅಳೆಯಿರಿ. ಎರಡನೇ ಸಲ ಗಣನೀಯವಾಗಿ ಮೇಲೆ ಬಂದರೆ ಬೇಯುವುದು ಬಾಕಿ ಇದೆ. ನಂತರ ತುಂಡನ್ನು ಪ್ರೆಶರ್ ಕುಕ್ಕರ್ ಹಬೆಯಲ್ಲಿಟ್ಟು, ತಕ್ಷಣ 288 ಡಿಗ್ರಿಯ ಕರಗಿದ ಬೆಸುಗೆಯಲ್ಲಿ ಮುಳುಗಿಸಿ. ಬಿಳಿ ಚುಕ್ಕೆಯೋ ಗುಳ್ಳೆಯೋ ಎದ್ದರೆ ಡಿಎಫ್ ಎಷ್ಟೇ ಚೆನ್ನಾಗಿದ್ದರೂ ಆ ಫಾರ್ಮುಲಾ ಕಾರ್ಖಾನೆಗೆ ಹೋಗುವಂತಿಲ್ಲ, ತುದಿಗಳ ಲೆಕ್ಕಕ್ಕೆ ವಾಪಸ್ ಬನ್ನಿ. ಗುಳ್ಳೆ ಏಳದಿದ್ದರೆ ತಾಮ್ರ ಎಳೆದು ನೋಡಿ, ಆಮೇಲೆ ತುಂಡನ್ನು ಒಣಗಿಸಿ ಡಿಎಫ್ ಅಳೆಯಿರಿ.